ಹಣ್ಣಿನ ಕಂಬ ಮತ್ತು ಒಂದು ಹಿಡಿ ಅಕ್ಕಿ

ಸ್ಟುಟ್‌ಗಾರ್ಟ್‌ನಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಒಂದು ದೊಡ್ಡ ಜಾತ್ರೆ ಶುರುವಾಗುತ್ತೆ. ಕಾನ್‌ಷ್ಟಾಟ್ ಫೋಕ್ಸ್‌ಫೆಸ್ಟ್ ಅಂತ ಅದರ ಹೆಸರು. ನೋಡೋಕೆ ನಮ್ಮ ಕಡೆಯ ಜಾತ್ರೆ ಥರಾನೇ. ತೇರಿನ ಜಾಗದಲ್ಲಿ ಜೈಂಟ್ ವೀಲ್, ಪಾನಕದ ಜಾಗದಲ್ಲಿ ಬಿಯರ್, ಅಷ್ಟೇ ವ್ಯತ್ಯಾಸ :-) ಆದರೆ ಆ ಗದ್ದಲದ ಮಧ್ಯೆ ಮೈದಾನದಲ್ಲಿ ಒಂದು ಕಂಬ ನಿಂತಿರುತ್ತೆ. ೨೬ ಮೀಟರ್ ಎತ್ತರ, ಮೈತುಂಬ ಅಲಂಕಾರ, ತುದಿಯಲ್ಲಿ ಹಣ್ಣುಗಳ ಬುಟ್ಟಿ. ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ತಾರೆ, "ಕಂಬದ ಹತ್ರ ಸಿಗೋಣ" ಅಂತ ಫೋನಲ್ಲಿ ಹೇಳ್ತಾರೆ. ಅದು ಯಾಕೆ ಅಲ್ಲಿದೆ ಅಂತ ಕೇಳೋರು ಕಡಿಮೆ.

ಅದರ ಕಥೆ ಶುರುವಾಗೋದು ಜರ್ಮನಿಯಲ್ಲಲ್ಲ, ಇಂಡೋನೇಷ್ಯಾದಲ್ಲಿ. ೧೮೧೫ರ ಏಪ್ರಿಲ್‌ನಲ್ಲಿ ಅಲ್ಲಿನ ಸುಂಬಾವ ದ್ವೀಪದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಗಂಧಕದ ಕಣಗಳು ಆಕಾಶದಲ್ಲಿ ಎಷ್ಟು ಎತ್ತರಕ್ಕೆ ಹೋದವು ಅಂದ್ರೆ ಇಡೀ ಭೂಮಿಯ ಮೇಲೆ ಬಿಸಿಲು ಮಂಕಾಯಿತು. ಮರುವರ್ಷ, ಅಂದರೆ ೧೮೧೬ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ ನಿಲ್ಲಲಿಲ್ಲ, ಪೈರು ಹೊಲದಲ್ಲೇ ಕೊಳೆಯಿತು. ಸ್ಟುಟ್‌ಗಾರ್ಟ್ ರಾಜಧಾನಿಯಾಗಿದ್ದ ವುರ್ಟೆಂಬರ್ಗ್ ರಾಜ್ಯದಲ್ಲಿ ಬರ ಬಿತ್ತು. ಜನ ಹಿಟ್ಟಿಗೆ ಮರದ ಪುಡಿ, ಹುಲ್ಲು ಬೆರೆಸಿ ರೊಟ್ಟಿ ಸುಟ್ಟರು. ಸಾವಿರಾರು ಜನ ಊರು ಬಿಟ್ಟು ಅಮೆರಿಕಕ್ಕೆ, ರಷ್ಯಕ್ಕೆ ಹೊರಟರು. ಇದಕ್ಕೆಲ್ಲ ಎಲ್ಲೋ ದೂರದ ಜ್ವಾಲಾಮುಖಿ ಕಾರಣ ಅಂತ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

೧೮೧೭ರಲ್ಲಿ ಕೊನೆಗೂ ಬೆಳೆ ಬಂತು. ಹೊಸ ಪೈರು ಹೊತ್ತ ಮೊದಲ ಗಾಡಿ ಊರೊಳಗೆ ಬಂದಾಗ ಹೂ ಮುಡಿಸಿ, ಚರ್ಚಿನ ಗಂಟೆ ಬಾರಿಸಿ, ಮಕ್ಕಳು ಹಾಡುತ್ತಾ ಎದುರುಗೊಂಡರಂತೆ. ಒಂದು ಗಾಡಿ ಧಾನ್ಯಕ್ಕೆ ಇಡೀ ಊರು ಬೀದಿಗೆ ಬಂದು ನಿಂತಿದ್ದನ್ನು ಸುಮ್ಮನೆ ಕಲ್ಪಿಸಿಕೊಳ್ಳಿ. ಮುಂದಿನ ವರ್ಷ, ೧೮೧೮ರ ಸೆಪ್ಟೆಂಬರ್ ೨೮ಕ್ಕೆ, ರಾಜ ವಿಲ್ಹೆಲ್ಮ್ ಮತ್ತು ರಾಣಿ ಕಥರೀನಾ ಕಾನ್‌ಷ್ಟಾಟ್‌ನಲ್ಲಿ ಮೊದಲ ಕೃಷಿ ಹಬ್ಬ ಮಾಡಿಸಿದರು. ಹಣ್ಣಿನ ಕಂಬ ಆ ಹಬ್ಬದ ಗುರುತು. ಈಗ ಅದರ ಸುತ್ತ ಬಿಯರ್ ಟೆಂಟುಗಳಿವೆ, ಆದರೆ ಬೇರು ಮಾತ್ರ ಹಸಿವಿನಲ್ಲಿದೆ.

ನನಗೆ ತುಂಬಾ ಹಿಡಿಸಿದ್ದು ಇದರ ಮುಂದಿನ ಭಾಗ. ಅವರು ಹಬ್ಬ ಮಾಡಿ ಸುಮ್ಮನಾಗಲಿಲ್ಲ. ಬರದ ನಡುವೆಯೇ, ೧೮೧೭ರಲ್ಲಿ, ರಾಣಿ ಕಥರೀನಾ ಬಡವರ ನೆರವಿಗೆ ಒಂದು ಸಂಘ ಕಟ್ಟಿದಳು. ೧೮೧೮ರಲ್ಲಿ ಬಡವರು ಚಿಕ್ಕ ಚಿಕ್ಕ ಮೊತ್ತ ಉಳಿಸಿಡೋಕೆ ಒಂದು ಉಳಿತಾಯ ಬ್ಯಾಂಕು, ಹೊಹೆನ್‌ಹೈಮ್‌ನಲ್ಲಿ ಒಂದು ಕೃಷಿಶಾಲೆ. ಆ ಶಾಲೆಯೇ ಈಗಿನ ಹೊಹೆನ್‌ಹೈಮ್ ವಿಶ್ವವಿದ್ಯಾಲಯ. ೧೮೧೯ರ ಜನವರಿಯಲ್ಲಿ ರಾಣಿ ತೀರಿಕೊಂಡಳು, ಆಗ ಅವಳಿಗೆ ಬರೀ ಮೂವತ್ತು ವರ್ಷ. ದೇವರು ಕೊಟ್ಟ ಬೆಳೆಗೆ ಥ್ಯಾಂಕ್ಸ್ ಹೇಳೋದು ಅಂದ್ರೆ ಮುಂದಿನ ಸಲ ಪಕ್ಕದವನು ಹಸಿದುಕೊಂಡು ಇರಬಾರದು ಅಂತ ವ್ಯವಸ್ಥೆ ಮಾಡೋದು ಅನ್ನೋ ಥರ ಇದೆ ಇದು.

ಇದೆಲ್ಲ ನಮಗೇನು ಸಂಬಂಧ ಅಂತೀರಾ? ಇದೆ. ತಂಬೋರಾ ಸಿಡಿದ ಅದೇ ೧೮೧೫ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ೧೮೩೪ರಲ್ಲಿ ಅವರು ಮಂಗಳೂರಿಗೆ ಬಂದರು. ಬಂದವರಲ್ಲಿ ಎಷ್ಟೋ ಜನ ಇದೇ ವುರ್ಟೆಂಬರ್ಗಿನ ಹುಡುಗರು. ೧೮೪೩ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಡಿಸಿದ ಮೋಗ್ಲಿಂಗ್ ಹುಟ್ಟಿದ್ದು ಇಲ್ಲೇ ಬ್ರಾಕೆನ್‌ಹೈಮ್‌ನಲ್ಲಿ, ೧೮೧೧ರಲ್ಲಿ. ಬರದ ವರ್ಷದಲ್ಲಿ ಅವನು ಐದು ವರ್ಷದ ಮಗು. ನಿಘಂಟಿನ ಕಿಟ್ಟೆಲ್ ತೀರಿಕೊಂಡ ಟ್ಯೂಬಿಂಗನ್ ಇಲ್ಲಿಂದ ರೈಲಿನಲ್ಲಿ ಒಂದು ಗಂಟೆ ದಾರಿ.

ನಮ್ಮ ಕರಾವಳಿಯ ಸಭೆಗಳಲ್ಲಿ ಈಗಲೂ ಬೆಳೆ ಹಬ್ಬ ನಡೆಯುತ್ತೆ, ನೋಡಿದವರಿಗೆ ಗೊತ್ತು. ಭಾನುವಾರ ಬೆಳಿಗ್ಗೆ ಆರಾಧನೆಗೆ ಬರೋವಾಗ ಒಬ್ಬರ ಕೈಲಿ ಬಾಳೆಗೊನೆ, ಒಬ್ಬರ ಕೈಲಿ ತೆಂಗಿನಕಾಯಿ, ಸುವರ್ಣಗಡ್ಡೆ, ಬಸಳೆ ಕಟ್ಟು, ಕಾಲು ಕಟ್ಟಿದ ಒಂದು ಹುಂಜ. ಗದ್ದೆ ತೋಟ ಇಲ್ಲದವರು ಮನೆಯಲ್ಲಿ ಮಾಡಿದ ಕೇಕು, ಉಪ್ಪಿನಕಾಯಿ ತರ್ತಾರೆ. ಎಲ್ಲ ದೇವರ ಮುಂದೆ ಇಟ್ಟು ಪ್ರಾರ್ಥನೆ. ಆಮೇಲೆ ಅಂಗಳದಲ್ಲಿ ಏಲಂ! ನಾನು ಸಣ್ಣವನಿದ್ದಾಗ ಪ್ರಸಂಗ ಮುಗಿಯೋದನ್ನೇ ಕಾಯ್ತಿದ್ದಿದ್ದು ಈ ಏಲಮ್ಮಿಗೆ. ಅರ್ಧ ಡಜನ್ ಊರಕೋಳಿ ಮೊಟ್ಟೆ ಅಂಗಡಿಗಿಂತ ಹತ್ತು ಪಟ್ಟು ರೇಟಿಗೆ ಹೋಗೋದು. ತಾನು ತಂದ ಗೊನೆಯನ್ನು ತಾನೇ ದುಡ್ಡು ಕೊಟ್ಟು ವಾಪಸ್ ತಗೊಂಡು ಹೋಗೋರೂ ಇದ್ದರು. ಲೆಕ್ಕ ಗೊತ್ತಿರೋ ಯಾರಿಗಾದರೂ ಇದು ಶುದ್ಧ ನಷ್ಟದ ವ್ಯಾಪಾರ. ಆದರೆ ಅಲ್ಲಿ ಯಾರ ಮುಖದಲ್ಲೂ ನಷ್ಟ ಕಾಣ್ತಿರಲಿಲ್ಲ.

ನನ್ನ ಅಜ್ಜಿಗೆ ಗದ್ದೆ ಇರಲಿಲ್ಲ. ಅವರು ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕ್ತಿದ್ದರು. ಡಬ್ಬಿ ತುಂಬಿದಾಗ ಅದು ಸಭೆಗೆ. "ಅಳೆದ ಮೇಲೆ ಯಾಕಜ್ಜಿ ತೆಗೀತೀರಿ, ಮೊದಲೇ ಬೇರೆ ಹಾಕಬಹುದಲ್ಲ" ಅಂತ ಒಮ್ಮೆ ಕೇಳಿದ್ದೆ. "ಇದು ನಮ್ಮ ಪಾಲಿಂದಲೇ ಹೋಗ್ಬೇಕು ಮಗಾ, ಚೀಲದಿಂದ ಹೋದ್ರೆ ನಮಗೆ ಗೊತ್ತೇ ಆಗುದಿಲ್ಲ" ಅಂದಿದ್ದರು. ಮಿಜೋರಾಂನ ಸಭೆಗಳಲ್ಲಿ ಇದೇ ಪದ್ಧತಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ದೊಡ್ಡ ಪ್ರಮಾಣದಲ್ಲಿ ನಡೆದುಬಂದಿದೆ. ಅಲ್ಲಿ ಅದನ್ನು ಬುಹ್‌ಫಾಯ್ ಥಾಮ್ ಅಂತಾರೆ. ಮನೆಮನೆಯ ಹೆಂಗಸರು ಅಡುಗೆಗೆ ಮುಂಚೆ ತೆಗೆದಿಟ್ಟ ಹಿಡಿ ಅಕ್ಕಿಯಿಂದ ಸಭೆಯ ಎಷ್ಟೋ ಕೆಲಸಗಳು ನಡೆದಿವೆ.

ಇಷ್ಟು ಚೆಂದದ ಮಾತು. ಈಗ ಕಷ್ಟದ್ದು.

ನಾವು ಕೆಲವು ಕನ್ನಡ ಕುಟುಂಬಗಳು, ಮಂಗಳೂರು, ಉಡುಪಿ, ಧಾರವಾಡ ಕಡೆಯವರು, ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆಗೆ ಸೇರ್ತೀವಿ. ಹಾಡು, ಒಂದು ವಾಕ್ಯಭಾಗ, ಆಮೇಲೆ ಸಾಕ್ಷಿ ಹೇಳೋದು, ಊಟ. ಇತ್ತೀಚೆಗೆ ಒಂದು ಕಂಪನಿಯಲ್ಲಿ ಒಮ್ಮೆಲೇ ತುಂಬಾ ಜನರನ್ನು ತೆಗೆದರು. ಆ ತಿಂಗಳ ಕೂಟದಲ್ಲಿ ಒಬ್ಬರು ಎದ್ದು, "ಲಿಸ್ಟಿನಲ್ಲಿ ನನ್ನ ಹೆಸರು ಬರದ ಹಾಗೆ ಕರ್ತನು ಕಾಪಾಡಿದ, ಆತನಿಗೆ ಸ್ತೋತ್ರ" ಅಂದರು. ಮನಸಾರೆ ಅಂದರು. ಅವರಿಗೆ ಎರಡು ಮಕ್ಕಳು, ಮನೆ ಸಾಲ. ಆದರೆ ಅವರ ಎದುರಿನ ಕುರ್ಚಿಯಲ್ಲೇ ಕೂತಿದ್ದ ಇನ್ನೊಬ್ಬರ ಹೆಸರು ಅದೇ ಲಿಸ್ಟಿನಲ್ಲಿತ್ತು. ಅವರ ಹೆಂಡತಿ ತಲೆ ತಗ್ಗಿಸಿ ಮಗುವಿನ ಸಾಕ್ಸ್ ಸರಿಮಾಡೋಕೆ ಶುರು ಮಾಡಿದರು.

ಹಾಗಾದರೆ ಅವರನ್ನು ದೇವರು ಕಾಪಾಡಲಿಲ್ಲವಾ? ಇವರ ಪ್ರಾರ್ಥನೆ ಗಟ್ಟಿ, ಅವರದು ಸಡಿಲವಾ? ಯಾರೂ ಹಾಗೆ ಹೇಳಲಿಲ್ಲ, ಆದರೆ ಆ ಸ್ತೋತ್ರದ ಒಳಗೆ ಈ ಲೆಕ್ಕ ತಾನಾಗೇ ಕೂತಿತ್ತು. ಪಾರಾದವನ ಕೃತಜ್ಞತೆ ಪಕ್ಕದಲ್ಲಿ ಬಿದ್ದವನಿಗೆ ಹೇಗೆ ಕೇಳಿಸುತ್ತೆ ಅನ್ನೋ ಪ್ರಶ್ನೆ ನನ್ನನ್ನು ತುಂಬಾ ದಿನ ಬಿಡಲಿಲ್ಲ.

ಬೈಬಲಿನಲ್ಲಿ ದೇವರಿಗೆ ಥ್ಯಾಂಕ್ಸ್ ಹೇಳಿಯೂ ಬೆನ್ನು ತಟ್ಟಿಸಿಕೊಳ್ಳದ ಒಬ್ಬನಿದ್ದಾನೆ. ಲೂಕ ೧೮ರ ಫರಿಸಾಯ. ದೇವಾಲಯದಲ್ಲಿ ನಿಂತು, ತಾನು ಬೇರೆಯವರಂತಲ್ಲ, ಆ ಸುಂಕದವನಂತೂ ಅಲ್ಲವೇ ಅಲ್ಲ ಅಂತ ದೇವರಿಗೆ ಸ್ತೋತ್ರ ಮಾಡ್ತಾನೆ. ವ್ಯಾಕರಣದ ಪ್ರಕಾರ ಅದು ಪಕ್ಕಾ ಕೃತಜ್ಞತಾಸ್ತುತಿ! ತೊಂದರೆ ಎಲ್ಲಿ ಅಂದರೆ, ಅವನ ಸಂತೋಷ ನಿಂತಿರೋದು ಪಕ್ಕದವನು ತನಗಿಂತ ಕೆಳಗಿದ್ದಾನೆ ಅನ್ನೋದರ ಮೇಲೆ. ಪಕ್ಕದವನನ್ನು ತೆಗೆದುಬಿಟ್ಟರೆ ಅವನಿಗೆ ಥ್ಯಾಂಕ್ಸ್ ಹೇಳೋಕೆ ಏನೂ ಉಳಿಯೋದಿಲ್ಲ.

ನಮ್ಮ ಕೂಟದ ಆ ಬ್ರದರ್ ಫರಿಸಾಯರಲ್ಲ, ಅದನ್ನು ಸ್ಪಷ್ಟವಾಗಿ ಹೇಳ್ತೀನಿ. ಭಯ ಇಳಿದಾಗ ಯಾರ ಬಾಯಿಂದಲಾದರೂ ಬರೋ ಮಾತು ಅದು. ಆದರೆ ಆ ಎರಡು ಸ್ತೋತ್ರಗಳ ನಡುವಿನ ಗೆರೆ ತುಂಬಾ ತೆಳು.

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಮತ್ತಾಯ ೨೦ರ ದ್ರಾಕ್ಷೇತೋಟದ ಕಥೆಯಲ್ಲಿ. ಯಜಮಾನ ಬೆಳಿಗ್ಗೆಯೇ ಕೆಲವರನ್ನು ದಿನದ ಕೂಲಿ ಮಾತಾಡಿ ತೋಟಕ್ಕೆ ಕಳಿಸ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಇನ್ನೂ ಕೆಲವರನ್ನು. ಸಂಜೆ ಐದಕ್ಕೂ ಪೇಟೆಯಲ್ಲಿ ಕೆಲವರು ಸುಮ್ಮನೆ ನಿಂತಿರ್ತಾರೆ. ಯಾಕೆ ಅಂತ ಕೇಳಿದರೆ, ಯಾರೂ ಕೆಲಸಕ್ಕೆ ಕರೀಲಿಲ್ಲ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಇಡೀ ದಿನ ಬೆಂಚಿನಲ್ಲಿ ಇದ್ದವರು! ಅವರನ್ನೂ ಕಳಿಸ್ತಾನೆ. ಕೊನೆಗೆ ಎಲ್ಲರಿಗೂ ಒಂದೇ ಕೂಲಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗ್ತಾರೆ. ಯಜಮಾನ ಅವರಿಗೆ ಕೇಳೋದು ಸುಮಾರಾಗಿ ಇಷ್ಟು: ಮಾತಾಡಿದ ಕೂಲಿ ನಿನಗೆ ಸಿಕ್ಕಿದೆ, ನಾನು ಧಾರಾಳಿ ಆಗಿರೋದು ನಿನ್ನ ಕಣ್ಣಿಗೆ ಚುಚ್ಚುತ್ತಾ?

ಇಂಜಿನಿಯರ್ ಬುದ್ಧಿಗೆ ಈ ಕಥೆ ಅಷ್ಟು ಸುಲಭಕ್ಕೆ ಇಳಿಯೋದಿಲ್ಲ. ಹನ್ನೆರಡು ಗಂಟೆ ಕೆಲಸಕ್ಕೂ ಒಂದು ಗಂಟೆ ಕೆಲಸಕ್ಕೂ ಒಂದೇ ಸಂಬಳ ಅಂದರೆ ಅಪ್ರೈಸಲ್ ವ್ಯವಸ್ಥೆಯೇ ಕುಸಿದುಬಿಡುತ್ತೆ. ಆದರೆ ಆ ಕೂಲಿ ಏನು ಅಂತ ಯೋಚಿಸಿ. ಅದು ಆ ಕಾಲದ ಒಬ್ಬ ಕೂಲಿಯವನ ಒಂದು ದಿನದ ಸಂಬಳ, ಅಂದರೆ ಒಂದು ಮನೆಯ ಆ ದಿನದ ಊಟ. ಸಂಜೆ ಐದಕ್ಕೆ ಬಂದವನಿಗೆ ಲೆಕ್ಕದ ಪ್ರಕಾರ ಹನ್ನೆರಡನೇ ಒಂದು ಭಾಗ ಕೊಟ್ಟಿದ್ದರೆ ನ್ಯಾಯ ಆಗ್ತಿತ್ತು, ಆದರೆ ಅವನ ಮಕ್ಕಳು ಉಪವಾಸ ಮಲಗ್ತಿದ್ದರು. ಯಜಮಾನ ಅಳೆದದ್ದು ದುಡಿಮೆಯನ್ನಲ್ಲ, ಹಸಿವನ್ನು. ದೇವರ ಔದಾರ್ಯ ಅಂದರೆ ಅದು. ಬೆಳಿಗ್ಗೆ ಬಂದವರಿಗೆ ಕೈಯಲ್ಲಿದ್ದ ನಾಣ್ಯ ಚೆನ್ನಾಗೇ ಇತ್ತು, ಪಕ್ಕದವನ ಕೈ ನೋಡುವ ತನಕ.

ಹಾಗಾಗಿ "ನನ್ನ ಹೆಸರು ಲಿಸ್ಟಿನಲ್ಲಿ ಇರಲಿಲ್ಲ" ಅನ್ನೋದಕ್ಕಿಂತ "ನನಗೆ ಇವತ್ತು ಕೆಲಸ ಇದೆ, ಊಟ ಇದೆ" ಅನ್ನೋದು ಬೇರೆ ಪ್ರಾರ್ಥನೆ. ಮೊದಲನೆಯದಕ್ಕೆ ಯಾರಾದರೂ ಸೋಲಲೇಬೇಕು. ಎರಡನೆಯದಕ್ಕೆ ಯಾರೂ ಸೋಲಬೇಕಾಗಿಲ್ಲ. ಅದೂ ಅಲ್ಲದೆ, ಎರಡನೆಯದನ್ನು ಹೇಳಿದ ಬಾಯಿ ಮುಂದಿನ ಪ್ರಶ್ನೆಯನ್ನೂ ಕೇಳುತ್ತೆ: ನನಗೆ ಕೊಟ್ಟಿದ್ದು ನನಗೊಬ್ಬನಿಗೇನಾ?

ಕೃತಜ್ಞ ಅನ್ನೋ ನಮ್ಮ ಪದವನ್ನೇ ಬಿಡಿಸಿ ನೋಡಿ. ಕೃತ ಅಂದರೆ ಮಾಡಿದ್ದು, ಜ್ಞ ಅಂದರೆ ಬಲ್ಲವನು. ತನಗಾಗಿ ಏನು ಮಾಡಲಾಗಿದೆ ಅಂತ ಗೊತ್ತಿರೋನು. ಜರ್ಮನ್ನಿನಲ್ಲೂ ಥ್ಯಾಂಕ್ಸ್‌ಗೆ ಡಾಂಕೆನ್, ಯೋಚಿಸೋದಕ್ಕೆ ಡೆಂಕೆನ್. ಎರಡೂ ಒಂದೇ ಬೇರಿನವು. ಅಂದರೆ ಕೃತಜ್ಞತೆ ಮೊದಲು ಗಮನದ ವಿಷಯ, ಭಾವನೆ ಆಮೇಲೆ. ಲೂಕ ೧೭ರಲ್ಲಿ ಹತ್ತು ಕುಷ್ಠರೋಗಿಗಳು ವಾಸಿಯಾದರು. ಹಿಂದಕ್ಕೆ ಬಂದವನು ಒಬ್ಬನೇ. ಅವನ ಬಗ್ಗೆ ಲೂಕ ಹೇಳೋದು ಅವನು ವಾಸಿಯಾದದ್ದನ್ನು ಕಂಡು ತಿರುಗಿ ಬಂದ ಅಂತ. ಮಿಕ್ಕ ಒಂಬತ್ತು ಜನಕ್ಕೂ ಚರ್ಮ ವಾಸಿಯಾಗಿತ್ತು, ಅವರು ಕೆಟ್ಟವರು ಅಂತ ಕಥೆ ಹೇಳೋದಿಲ್ಲ. ಪಾಪ, ಎಷ್ಟು ವರ್ಷದ ಮೇಲೆ ಮನೆಗೆ ಓಡಿರಬೇಕು. ತಿರುಗಿ ಬಂದ ಆ ಒಬ್ಬ ಸಮಾರ್ಯದವನು, ಅಂದರೆ ಪರದೇಶಿ. ತನ್ನದಲ್ಲದ ಜಾಗದಲ್ಲಿ ಸಿಕ್ಕಿದ್ದು ಹಕ್ಕಲ್ಲ, ಕೊಡುಗೆ ಅಂತ ಅವನಿಗೆ ಬೇಗ ಗೊತ್ತಾಯಿತೇನೋ. ಹೊರದೇಶದಲ್ಲಿ ಇರುವವರಿಗೆ ಈ ಮಾತು ಅರ್ಥವಾಗುತ್ತೆ. ಮೊದಲ ಚಳಿಗಾಲದಲ್ಲಿ ಹಳೇ ಜಾಕೆಟ್ ಕೊಟ್ಟ ಪಕ್ಕದ ಮನೆ ಅಜ್ಜಿ, ಕೌಂಟರಿನಲ್ಲಿ ನಮ್ಮ ಹರಕು ಜರ್ಮನ್‌ಗೆ ಕಾದು ನಿಂತ ಗುಮಾಸ್ತ, ಇವರೆಲ್ಲ ಊರಿನಲ್ಲಾದರೆ ಲೆಕ್ಕಕ್ಕೇ ಬರ್ತಿರಲಿಲ್ಲ.

ಆದರೆ ಒಂದು ಅಪಾಯ ಇದೆ. "ಎಲ್ಲದರಲ್ಲೂ ಸ್ತೋತ್ರ ಮಾಡಿ" ಅನ್ನೋದನ್ನು ನೋವಿರೋರ ಬಾಯಿ ಮುಚ್ಚಿಸೋಕೆ ಬಳಸೋದನ್ನು ನಾವೆಲ್ಲ ನೋಡಿದ್ದೀವಿ. ಪೌಲನು ಥೆಸಲೊನೀಕದವರಿಗೆ ಬರೆದದ್ದು ಎಲ್ಲಾ ಪರಿಸ್ಥಿತಿಗಳಲ್ಲಿ ಕೃತಜ್ಞರಾಗಿರಿ ಅಂತ. ಪರಿಸ್ಥಿತಿಯ ಒಳಗೆ ನಿಂತು ಅನ್ನೋದಕ್ಕೂ ಪರಿಸ್ಥಿತಿಗಾಗಿ ಅನ್ನೋದಕ್ಕೂ ಬಹಳ ಅಂತರ. ಕೆಲಸ ಹೋದದ್ದಕ್ಕೆ, ಕ್ಯಾನ್ಸರ್ ಬಂದದ್ದಕ್ಕೆ ಯಾರೂ ಥ್ಯಾಂಕ್ಸ್ ಹೇಳಬೇಕಾಗಿಲ್ಲ. ಕೀರ್ತನೆಗಳ ಪುಸ್ತಕಕ್ಕೆ ಹೀಬ್ರೂ ಹೆಸರು ಸ್ತುತಿಗಳು ಅಂತ. ಆದರೆ ಒಳಗೆ ತೆರೆದು ನೋಡಿದರೆ ಎಲ್ಲಕ್ಕಿಂತ ಹೆಚ್ಚಿರೋದು ಗೋಳಾಟದ ಕೀರ್ತನೆಗಳೇ. ಅತ್ತವರ ಹಾಡುಗಳನ್ನೇ ಸ್ತುತಿ ಅಂತ ಕರೆದಿದ್ದಾರೆ, ಹೊರಗೆ ಹಾಕಿಲ್ಲ.

ಇಲ್ಲಿನ ಸಭೆಗಳಲ್ಲಿ ಕೃತಜ್ಞತೆಯ ಹಾಡು ಅಂದರೆ ಮೊದಲು ನೆನಪಾಗೋದು ಮಾರ್ಟಿನ್ ರಿಂಕಾರ್ಟ್ ಬರೆದ 'ನುನ್ ಡಾಂಕೆಟ್ ಆಲ್ಲೆ ಗಾಟ್'. ಅವರು ಲೈಪ್ಜಿಗ್ ಹತ್ತಿರದ ಐಲೆನ್‌ಬರ್ಗ್‌ನಲ್ಲಿ ಪಾದ್ರಿ. ಮೂವತ್ತು ವರ್ಷದ ಯುದ್ಧದ ಕಾಲ. ಊರಿನ ಕೋಟೆಯೊಳಗೆ ನಿರಾಶ್ರಿತರು ತುಂಬಿಕೊಂಡಿದ್ದರು. ೧೬೩೭ರಲ್ಲಿ ಪ್ಲೇಗು ಬಂತು. ಆ ಒಂದೇ ವರ್ಷದಲ್ಲಿ ರಿಂಕಾರ್ಟ್ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಶವಸಂಸ್ಕಾರ ಮಾಡಿಸಿದರು. ಅದರಲ್ಲಿ ಅವರ ಹೆಂಡತಿಯದೂ ಒಂದು. ಪ್ಲೇಗಿನ ಮಧ್ಯೆ ಕೂತು ಆ ಹಾಡು ಬರೆದರು ಅಂತ ಪ್ರಸಂಗಗಳಲ್ಲಿ ಹೇಳೋದುಂಟು. ಆದರೆ ವಿದ್ವಾಂಸರ ಪ್ರಕಾರ ಅದು ಅದಕ್ಕೂ ಮುಂಚಿನದು, ಮನೆಮಂದಿ ಊಟಕ್ಕೆ ಕೂತಾಗ ಹೇಳೋಕೆ ಬರೆದ ಪುಟ್ಟ ಪ್ರಾರ್ಥನೆ.

ನನಗೆ ಈ ಎರಡನೇ ಕಥೆಯೇ ಹೆಚ್ಚು ಇಷ್ಟ. ದಿನಾ ಊಟದ ಮುಂದೆ ಹೇಳಿ ಬಾಯಿಗೆ ಬಂದಿದ್ದ ಮಾತು, ಸ್ಮಶಾನದಿಂದ ಮನೆಗೆ ಬಂದ ದಿನ ಕೂಡ ಬಾಯಲ್ಲಿ ಉಳಿದಿತ್ತು. ಕೃತಜ್ಞತೆಯನ್ನು ಆಪತ್ತು ಬಂದ ಮೇಲೆ ಕಲಿಯೋಕಾಗಲ್ಲ, ಅನ್ನ ಇದ್ದಾಗಲೇ ಕಲಿಯಬೇಕು. ೧೯೫೫ರಲ್ಲಿ ಸೋವಿಯತ್ ಸೆರೆಯಿಂದ ಬಿಡುಗಡೆಯಾಗಿ ಬಂದ ಜರ್ಮನ್ ಸೈನಿಕರು ಫ್ರೀಡ್‌ಲಾಂಡ್ ಶಿಬಿರದಲ್ಲಿ ಹಾಡಿದ್ದೂ ಇದೇ ಹಾಡು.

ಕೆಲಸ ಕಳೆದುಕೊಂಡ ಆ ಕುಟುಂಬದ ವಿಷಯಕ್ಕೆ ಬರ್ತೀನಿ. ಆ ದಿನ ಊಟ ಮುಗಿದ ಮೇಲೆ, ಸಾಕ್ಷಿ ಹೇಳಿದ ಬ್ರದರ್ ಅವರ ಪಕ್ಕಕ್ಕೇ ಹೋಗಿ ಕೂತು ರೆಸ್ಯೂಮೆ ಕೇಳಿದರು. ಮುಂದಿನ ವಾರಗಳಲ್ಲಿ ಪ್ರತಿ ಶನಿವಾರ ಅವರಿಬ್ಬರೂ ಲ್ಯಾಪ್‌ಟಾಪ್ ಮುಂದೆ. ಇನ್ನೊಂದು ಮನೆಯವರು ಮಗುವನ್ನು ನೋಡಿಕೊಂಡರು, ಆತ ಇಂಟರ್‌ವ್ಯೂಗೆ ಬೇರೆ ಊರಿಗೆ ಹೋಗಬೇಕಾದಾಗ. ಒಬ್ಬ ಆಂಟಿ ವಾರಕ್ಕೆರಡು ಸಲ ಸಾಂಬಾರು, ಪಲ್ಯ ಕಳಿಸಿದರು. ಎರಡು ತಿಂಗಳ ಮೇಲೆ, ಇನ್ನೂ ಕೆಲಸ ಸಿಗದೆ ಇರೋವಾಗಲೇ, ಆತ ಸಾಕ್ಷಿಗೆ ಎದ್ದರು. "ಕೆಲಸ ಹೋದದ್ದಕ್ಕೆ ನಾನು ಸ್ತೋತ್ರ ಹೇಳೋದಿಲ್ಲ. ರಾತ್ರಿ ನಿದ್ದೆ ಬರೋದಿಲ್ಲ ಈಗಲೂ. ಆದ್ರೆ ನಮ್ಮ ಫ್ರಿಜ್ಜಲ್ಲಿ ನಿಮ್ಮೆಲ್ಲರ ಮನೆ ಡಬ್ಬಿ ಇದೆ, ಯಾವುದು ಯಾರದು ಅಂತ ಗೊತ್ತಾಗ್ತಿಲ್ಲ. ಅದಕ್ಕೆ ಸ್ತೋತ್ರ" ಅಂದರು. ಎಲ್ಲರೂ ನಕ್ಕರು, ಕೆಲವರು ಕಣ್ಣು ಒರೆಸಿಕೊಂಡರು. ಮೂರು ತಿಂಗಳ ಮೇಲೆ ಅವರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ.

ಧರ್ಮೋಪದೇಶಕಾಂಡದ ೨೬ನೇ ಅಧ್ಯಾಯದಲ್ಲಿ ಪ್ರಥಮಫಲ ಅರ್ಪಿಸುವ ಕ್ರಮ ಇದೆ. ಬುಟ್ಟಿ ತುಂಬ ಹೊಸ ಬೆಳೆ ತಂದವನು ಬುಟ್ಟಿ ಇಟ್ಟು ಸುಮ್ಮನೆ ಹೋಗೋ ಹಾಗಿಲ್ಲ, ಒಂದು ಕಥೆ ಹೇಳಬೇಕು. ನಮ್ಮ ಹಿರಿಯ ನೆಲೆಯಿಲ್ಲದೆ ಅಲೆದವನು, ಪರದೇಶಕ್ಕೆ ಹೋದ, ಅಲ್ಲಿ ಕಷ್ಟಪಟ್ಟರು, ದೇವರು ಹೊರಗೆ ತಂದ, ಈ ನೆಲ ಕೊಟ್ಟ, ಈ ಫಲ ಅದರದ್ದು. ಅಂದರೆ ವಲಸಿಗನ ಕಥೆ! ಹೇಳಿದ ಮೇಲೆ ಊಟ, ಆ ಊಟಕ್ಕೆ ಭೂಮಿ ಇಲ್ಲದ ಲೇವಿಯನೂ ಊರಲ್ಲಿರೋ ಪರದೇಶಿಯೂ ಬೇಕು. ಯಾಜಕಕಾಂಡ ೧೯ರಲ್ಲಿ ಇನ್ನೂ ಸರಳ: ಹೊಲದ ಅಂಚಿನ ತನಕ ಕೊಯ್ಯಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ.

ಇಲ್ಲಿ ಅಕ್ಟೋಬರಿನ ಮೊದಲ ಭಾನುವಾರ ಎರ್ನ್ಟೆಡಾಂಕ್, ಅಂದರೆ ಸುಗ್ಗಿಯ ಕೃತಜ್ಞತಾ ಹಬ್ಬ. ಚರ್ಚಿನ ಪೀಠದ ಮುಂದೆ ಕುಂಬಳಕಾಯಿ, ದ್ರಾಕ್ಷಿ, ಸೇಬು, ದೊಡ್ಡ ಬ್ರೆಡ್ಡು ಜೋಡಿಸ್ತಾರೆ. ಏಲಂ ಮಾತ್ರ ಇಲ್ಲ, ಅದೊಂದು ಕೊರತೆ :-) ಎಷ್ಟೋ ಕಡೆ ಆ ಸಾಮಾನು ಬಡವರಿಗೆ ಆಹಾರ ಹಂಚುವ ಟಾಫೆಲ್‌ಗೆ ಹೋಗುತ್ತೆ. ಇದೇ ಊರಿನ ಲಿಯೋನ್‌ಹಾರ್ಡ್ ಚರ್ಚಿನಲ್ಲಿ ೧೯೯೫ರಲ್ಲಿ ಫೆಸ್ಪರ್‌ಕಿರ್ಖೆ ಶುರುವಾಯಿತು. ಚಳಿಗಾಲದಲ್ಲಿ ಕೆಲವು ವಾರ ಚರ್ಚಿನ ಒಳಗೇ ಮೇಜು ಹಾಕಿ ತೀರಾ ಕಡಿಮೆ ದುಡ್ಡಿಗೆ ಬಿಸಿ ಊಟ. ಮನೆ ಇಲ್ಲದವರೂ ಪಿಂಚಣಿಯವರೂ ಆಫೀಸಿನವರೂ ಒಂದೇ ಮೇಜಿನಲ್ಲಿ ಕೂತು ಉಣ್ತಾರೆ.

ನಮ್ಮಲ್ಲಿ ಎಷ್ಟೋ ಜನಕ್ಕೆ ಈಗ ಹೊಲ ಇಲ್ಲ, ಅಂಚೂ ಇಲ್ಲ. ಸಂಬಳ ಬ್ಯಾಂಕಿಗೆ ಬರುತ್ತೆ, ದಶಮಾಂಶ ಕೂಡ ಆಟೋಮ್ಯಾಟಿಕ್ ಆಗಿ ಕಟ್ಟಾಗುತ್ತೆ, ಕೈಗೆ ಗೊತ್ತೇ ಆಗದ ಹಾಗೆ. ಚೀಲದಿಂದ ಹೋದ್ರೆ ನಮಗೆ ಗೊತ್ತೇ ಆಗುದಿಲ್ಲ ಅಂತ ಅಜ್ಜಿ ಹೇಳಿದ್ದು ಇದನ್ನೇ ಅನ್ಸುತ್ತೆ. ಅದಕ್ಕೇ ವಾರಕ್ಕೊಮ್ಮೆ ಅಡುಗೆ ಮಾಡೋವಾಗ ಎರಡು ಡಬ್ಬಿ ಜಾಸ್ತಿ ಮಾಡೋದು, ಬೇಕಿದ್ದವರ ಮನೆಗೆ ನಾವೇ ತಗೊಂಡು ಹೋಗಿ ಕೊಡೋದು ಅಂತ ನಮ್ಮ ಕೂಟದಲ್ಲಿ ಈಗ ರೂಢಿಯಾಗಿದೆ. ಹೊಸದಾಗಿ ಬಂದ ವಿದ್ಯಾರ್ಥಿಗಳು, ಬಾಣಂತಿಯರು, ಕೆಲಸ ಹುಡುಕುತ್ತಿರೋರು, ಪಟ್ಟಿ ಖಾಲಿಯಾಗಿದ್ದೇ ಇಲ್ಲ. ಡಬ್ಬಿಗೆ ಹೆಸರು ಬರೆಯಬಾರದು ಅನ್ನೋದೊಂದೇ ನಿಯಮ. ನಿಮ್ಮ ಊರಿನ ಸಭೆಯಲ್ಲಿ ಬೆಳೆ ಹಬ್ಬ ಹೇಗೆ ಮಾಡ್ತಾರೆ? ಏಲಂ ಇದೆಯಾ? ಬರೆದು ತಿಳಿಸಿ, ಮೊಟ್ಟೆ ಎಷ್ಟಕ್ಕೆ ಹೋಯಿತು ಅನ್ನೋದನ್ನೂ ಸೇರಿಸಿ.